ಎರಡನೇ ಔಷಧಿ

ಈ ವರ್ಷ ಅಡಿಕೆ ತೋಟಕ್ಕೆ ಕೊಳೆರೋಗ ತಡೆಯುವ ಬೋರ್ಡೊ ದ್ರಾವಣ ಎರಡನೇ ಸಲವೂ ಸರಿಯಾದ ಹೊತ್ತಿಗೆ ಬಿತ್ತು. ತೀರ್ಥಹಳ್ಳಿ ಕಡೆಯವರಿಗೆ ಇದರಲ್ಲೇನು ದೊಡ್ಡಸ್ತಿಕೆ ಅನ್ನಿಸಬಹುದು. ನನಗೆ ದೊಡ್ಡದೇ. ಮೂರು ವರ್ಷದ ಹಿಂದೆ ಮೈಲುತುತ್ತ, ಸುಣ್ಣ ತಂದಿಟ್ಟು, ಮರ ಹತ್ತಿ ಹೊಡೆಯುವ ಕೊನೆಗಾರನಿಗೂ ಹೇಳಿ, ಆ ದಿನ ಮಾತ್ರ ಹಳೇ ಪಂಪ್‌ಸೆಟ್ ಬಿಚ್ಚಿ ಕೂತಿದ್ದೆ. ನಾಳೆ ನಾಳೆ ಅಂತ ಮೂರು ವಾರ ಹೋಯಿತು. ಕೊಳೆ ಬಂದು ಒಂದೂವರೆ ಲಕ್ಷದಷ್ಟು ಅಡಿಕೆ ನೆಲಕ್ಕೆ.

ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿದೆ. ನಲವತ್ತೊಂದನೇ ವಯಸ್ಸಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ! "ಅದು ಮಕ್ಕಳ ಕಾಯಿಲೆ ಮಾರಾಯ, ನಿಂದು ಸೋಮಾರಿತನ" ಅಂದರು ಭಾವ.

ಮೊದಲು ಕೊಟ್ಟದ್ದು ಆಟೊಮೊಕ್ಸೆಟಿನ್, 40 ಎಂಜಿ. ವಾಕರಿಕೆ, ಬಾಯಿ ಒಣಗುವುದು, ಅನ್ನ ಬೇಡ. ಒಂದು ತಿಂಗಳಾದರೂ ಕಾಯಿರಿ ಅಂದಿದ್ದರು. ಮೂರನೇ ವಾರಕ್ಕೇ ಬಿಟ್ಟೆ.

ಆಮೇಲೆ ಮಿಥೈಲ್‌ಫೆನಿಡೇಟ್. ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬರುವ ಮಾತ್ರೆ, ಊರಿನ ಮೆಡಿಕಲ್‌ನಲ್ಲಿ ಇಡುತ್ತಿರಲಿಲ್ಲ. ತಿಂಗಳಿಗೊಮ್ಮೆ ಚೀಟಿ ಹಿಡಿದು ಅರವತ್ತು ಕಿಲೋಮೀಟರ್ ಬಸ್ಸು. ಆದರೆ ಏನು ಕೆಲಸ ಅಂತೀರಿ! ನುಂಗಿ ಮುಕ್ಕಾಲು ಗಂಟೆಗೆ ತಲೆಯೊಳಗಿನ ಸಂತೆ ನಿಂತಿತು. ಎರಡು ವರ್ಷದ ಮಂಡಿ ಚೀಟಿಗಳನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ತರದ ಪ್ರಕಾರ ಬೇರೆ ಮಾಡಿ ಒಂದೇ ಸಲ ಕೂತು ಬರೆದು ಮುಗಿಸಿದೆ. ನುಂಗಿ ನಾಲ್ಕು ತಾಸು ಆಯ್ತೋ, ಮಾತ್ರೆಯ ಪ್ರಭಾವ ಇಳಿಯಿತು.

ಅಲ್ಲೇ ದುರಾಸೆ ಹುಟ್ಟಿದ್ದು. ಸುಗ್ಗಿಯಲ್ಲಿ ಯಾರನ್ನೂ ಕೇಳದೆ ಸಂಜೆಗೊಂದು ಜಾಸ್ತಿ ನುಂಗಿದೆ, ಮೇಲೆ ಎರಡು ಲೋಟ ಕಾಫಿ. ರಾತ್ರಿ ಮೂರಕ್ಕೆ ಎದೆ ಅಡಿಕೆ ಸುಲಿಯುವ ಮೆಷಿನ್ನಿನ ಹಾಗೆ ಬಡಿಯುತ್ತಿತ್ತು. ಬಿಪಿ 160ರ ಹತ್ತಿರ. ತಿಂಗಳ ಮಾತ್ರೆ ಇಪ್ಪತ್ತನೇ ತಾರೀಕಿಗೇ ಖಾಲಿಯಾದಾಗ ನನಗೇ ಹೆದರಿಕೆಯಾಯಿತು. ಈ ನಡುವೆ ಸಿಇಟಿ ಓದುತ್ತಿದ್ದ ಅಕ್ಕನ ಮಗ "ಮಾವ, ಎರಡು ಕೊಡಿ" ಅಂದ. ಬೈದು ಕಳಿಸಿದೆ. ಬೈಯಲು ನನಗೇನು ಯೋಗ್ಯತೆ ಇತ್ತೋ!

ಡಾಕ್ಟರಿಗೆ ಎಲ್ಲಾ ಹೇಳಿದೆ. ಅದನ್ನು ನಿಲ್ಲಿಸಿ ಮತ್ತೆ ಆಟೊಮೊಕ್ಸೆಟಿನ್ನಿಗೇ ಹಾಕಿದರು. ಅದರಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಇನ್ನೊಂದು ನುಂಗೋಣ ಅನ್ನುವ ಚಪಲವೂ ಇಲ್ಲ. ಈ ಸಲ ಕಡುಬು ತಿಂದ ಮೇಲೆ ತೆಗೆದುಕೊಂಡೆ, ವಾಕರಿಕೆ ಅರ್ಧ ಕಮ್ಮಿ. ನಿಧಾನಕ್ಕೆ 80ಕ್ಕೆ ಏರಿಸಿದರು. ಆರೇಳು ವಾರ ಏನೂ ಗೊತ್ತಾಗಲಿಲ್ಲ. ಬೋರ್ಡೊ ಹಾಗೇ ಅಲ್ವಾ, ಕೊಳೆ ಬರುವ ಮೊದಲೇ ಗೊನೆ ಮೇಲೆ ಕೂತಿರಬೇಕು. ಒಂದು ದಿನ ಹೆಂಡತಿ ಹೇಳಿದಳು, "ನೀವು ಈಚೆಗೆ ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋಗೋದಿಲ್ಲ."

ನಡುವೆ ಕಾಫಿ ಬಿಟ್ಟು ಕಷಾಯ ಕುಡಿದೂ ನೋಡಿದೆ. ತಲೆನೋವು ಬಂತು, ಅಷ್ಟೆ. ದಿನಾ ಮಾತ್ರೆ ಮರೆಯದಿರಲು ಒಂದು ಉಪಾಯ ಇದೆ, ಅದನ್ನು ಹೇಳಲ್ಲ. ಹೇಳಿದರೆ ಮನೆಯಲ್ಲಿ ನಗುತ್ತಾರೆ.

ತೋಟಕ್ಕೆ ಮೊದಲ ಔಷಧಿ ಹೊಡೆಸಿದ ನಲವತ್ತೆರಡನೇ ದಿನಕ್ಕೆ ಎರಡನೆಯದು ಹೊಡೆಸಿದೆ. ಭಾವನೂ ಬಂದು ಗೊನೆ ನೋಡಿ ಹೋದರು, ಮಾತಾಡಲಿಲ್ಲ. ಆ ಪಂಪ್‌ಸೆಟ್ ಮಾತ್ರ ಇನ್ನೂ ಬಿಚ್ಚಿದ ಹಾಗೇ ಕೊಟ್ಟಿಗೆಯಲ್ಲಿದೆ.