ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ: ಮಾಲೀಕರಿಗೆ ನಾನು ಕೇಳಿದ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಮನೆ ಮಾಲೀಕರು ಮೊದಲು ಬಾಡಿಗೆಯ ಮಾತು ಎತ್ತುವುದೇ ಇಲ್ಲ. "ಯಾವೂರ್ರೀ ನಿಮ್ಮದು?" "ಮನ್ಯಾಗ ಎಷ್ಟ್ ಮಂದಿ?" "ಎಲ್ಲಿ ಕೆಲಸ ಮಾಡ್ತೀರಿ?" ಕೊನೆಗೆ ದನಿ ತಗ್ಗಿಸಿ, "ಮಾಂಸ-ಗೀಂಸ ಮಾಡೂದಿಲ್ಲಲ್ರಿ?" ಕೆಲಸಕ್ಕಂತ ಗದಗದಿಂದ ಬಂದು, ಮಗಳ ಕಾಲೇಜಿಗೂ ಹತ್ತಿರ ಆಗಲಿ ಎಂದು ವಿದ್ಯಾನಗರ, ಉಣಕಲ್ ಕಡೆ ಮನೆ ಹುಡುಕುವಾಗ ಈ ವಿಚಾರಣೆ ಕೇಳಿ ಕೇಳಿ ನನಗೆ ಸಾಕಾಗಿತ್ತು. ಆದರೆ ಇದರಿಂದ ಒಂದು ಉಪಕಾರ ಆಯಿತು. ಏನೂ ಕೇಳದೆ ಮನೆ ಕೊಡಲು ತಯಾರಾಗುವವರ ಮೇಲೆ ಅನುಮಾನ ಬರತೊಡಗಿತು.

ಅಂಥವನೊಬ್ಬ ಬೇಗನೇ ಸಿಕ್ಕ. ಮೊಬೈಲ್ ಆಪ್ ಒಂದರಲ್ಲಿ ವಿದ್ಯಾನಗರದ ಎರಡು ಬೆಡ್‌ರೂಮಿನ ಫ್ಲಾಟ್, ಬಾಡಿಗೆ 7,000. ಆ ಓಣಿಯಲ್ಲಿ ಅಂಥ ಮನೆಗೆ 12,000ಕ್ಕಿಂತ ಕಡಿಮೆ ಯಾರೂ ಹೇಳಿರಲಿಲ್ಲ. ಫೋನ್ ಮಾಡಿದರೆ, ತಾನು ಸೈನ್ಯದಲ್ಲಿದ್ದೇನೆ, ಬೇರೆ ರಾಜ್ಯಕ್ಕೆ ವರ್ಗ ಆಗಿದೆ ಎಂದು ಹಿಂದಿಯಲ್ಲಿ ಹೇಳಿದ. ಹಿಂದಿ ಮಾತಾಡುವ ಮಾಲೀಕರು ಹುಬ್ಬಳ್ಳಿಯಲ್ಲಿ ಬೇಕಾದಷ್ಟಿದ್ದಾರೆ, ಅದನ್ನು ದೋಷ ಅಂತ ನಾನು ಹಿಡಿಯಲಿಲ್ಲ. ನಾನು ಕೇಳದಿದ್ದರೂ ಗುರುತಿನ ಚೀಟಿ, ಆಧಾರ್ ಎಲ್ಲದರ ಫೋಟೋ ವಾಟ್ಸಾಪಿಗೆ ಬಂತು. ಮನೆ ನೋಡಬೇಕಾದರೆ ಗೇಟ್ ಪಾಸ್ ಮಾಡಿಸಬೇಕಂತೆ. 2,500 ರೂಪಾಯಿ, ಆಮೇಲೆ ವಾಪಸ್ ಕೊಡುತ್ತಾನಂತೆ.

ನಾನು ಕೇಳಿದ್ದು ಇಷ್ಟೇ: "ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ?"

"ಪಾನಿ ತೋ ಚೌಬೀಸ್ ಘಂಟೆ ಹೈ, ಮೇಡಂ."

ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿದ್ದವರಿಗೆ ಇದು ಎಂಥ ಉತ್ತರ ಅಂತ ಗೊತ್ತು. ಮಲಪ್ರಭೆಯ ನೀರು ಇಲ್ಲಿನ ಎಷ್ಟೋ ಬಡಾವಣೆಗಳಿಗೆ ದಿನಬಿಟ್ಟು ದಿನ ಕೂಡ ಬರುವುದಿಲ್ಲ. ನೀರು ಬಿಡುವ ದಿನ ನೋಡಿಕೊಂಡೇ ಮನೆಯವರು ಬಟ್ಟೆ ಒಗೆಯುವುದು, ಊರಿಗೆ ಹೋಗುವುದು. ಹಾಗಂತ 24 ಗಂಟೆ ನೀರಿರುವ ಕೆಲವು ಭಾಗಗಳೂ ಇವೆ, ಒಂದೇ ಉತ್ತರಕ್ಕೆ ಕಳ್ಳ ಅನ್ನಲಾಗದು. ಅದಕ್ಕೆ ಮುಂದುವರಿಸಿದೆ. ಸಂಪ್ ಎಲ್ಲಿದೆ? ಕರೆಂಟ್ ಮೀಟರ್ ಮನೆಯ ಒಳಗೋ, ಮೆಟ್ಟಿಲ ಕೆಳಗೋ? ಪಕ್ಕದ ಮನೆಯಲ್ಲಿ ಯಾರಿದ್ದಾರೆ? ಒಂದಕ್ಕೂ ನೇರ ಉತ್ತರ ಇಲ್ಲ. "ಮೊದಲು ಪಾಸ್ ದುಡ್ಡು ಹಾಕಿ, ಬೇರೆಯವರು ಕಾಯ್ತಿದ್ದಾರೆ" ಎಂದು ಅವಸರ ಮಾಡಿದ. ಸಂಜೆ ಆ ವಿಳಾಸಕ್ಕೇ ಹೋದೆ. ಬಾಗಿಲು ತೆಗೆದ ಹೆಂಗಸು, "ಅಕ್ಕಾರ, ಈ ಮನಿ ಖಾಲೀನ ಇಲ್ರಿ, ನಾವ ಇದ್ದೀವಿ. ನಿಮಗಿಂತ ಮದ್ಲೂ ಮಂದಿ ಬಂದಿದ್ರು" ಅಂದರು.

ಫೋಟೋ ಕದಿಯುವುದು ಸುಲಭ. ಯಾರದೋ ಆಧಾರ್ ಕಳಿಸುವುದು ಇನ್ನೂ ಸುಲಭ. ಆದರೆ ಒಂದು ಮನೆಯ ದಿನನಿತ್ಯದ ಸುದ್ದಿ ಅಲ್ಲಿ ಇದ್ದವರಿಗಷ್ಟೇ ಗೊತ್ತಿರುತ್ತದೆ. ಹಾಗಾಗಿ ಕಾಗದ ಪತ್ರ ಕೇಳುವ ಮೊದಲು ನಾನು ಮನೆಯ ಬಗ್ಗೆ ಹರಟೆ ಹೊಡೆಯುತ್ತಿದ್ದೆ. ನಿಜವಾದ ಮಾಲೀಕರಿಗೆ ಈ ಮಾತು ಇಷ್ಟ. ಸಂಪ್ ತೋಡಿಸಿದ ಕಥೆಯನ್ನೇ ಅರ್ಧ ಗಂಟೆ ಹೇಳಿದವರೂ ಇದ್ದಾರೆ.

ಆಮೇಲೆ ಕಾಗದ. ಹೆಸ್ಕಾಂ, ಅಂದರೆ ಇಲ್ಲಿನ ವಿದ್ಯುತ್ ಕಂಪನಿಯ ಬಿಲ್ ಮೊದಲು. ಅದರಲ್ಲಿ ಆರ್.ಆರ್. ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ), ಹೆಸರು ಇರುತ್ತದೆ. ಆ ಹೆಸರು ತೀರಿಹೋದ ತಂದೆಯದ್ದೋ ಮೊದಲಿನ ಮಾಲೀಕರದ್ದೋ ಆಗಿರಬಹುದು, ಅದಕ್ಕೆ ಬಿಲ್ ಒಂದೇ ಸಾಲದು. ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ ರಸೀದಿ, ಸಾಧ್ಯವಾದರೆ ಉತಾರ (ಆಸ್ತಿ ಯಾರ ಹೆಸರಲ್ಲಿದೆ ಎನ್ನುವ ದಾಖಲೆ) ತೋರಿಸಿ ಅಂತ ಕೇಳುತ್ತಿದ್ದೆ. ತಿಂಗಳ ಬಾಡಿಗೆಗೆ ಇಷ್ಟು ಸಾಕು.

ಲೀಸ್ ಆದರೆ ಸಾಲದು. ನವನಗರದಲ್ಲಿ ಒಂದು ಮನೆ ಲೀಸಿಗೆ ಇತ್ತು. 6 ಲಕ್ಷ ಒಮ್ಮೆ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ. ತಿಂಗಳು ತಿಂಗಳು ಕೊಡುವ ಗೋಳಿಲ್ಲ ಎಂದು ನಮ್ಮ ಮನೆಯವರಿಗೆ ಬಹಳ ಹಿಡಿಸಿತ್ತು. ಮನೆ ತೋರಿಸಿದವರ ಕೈಯಲ್ಲಿ ಬೀಗದ ಕೈ ಇತ್ತು, ಸಂಪ್ ಎಲ್ಲಿದೆ, ನೀರು ಯಾವಾಗ ಅಂತಲೂ ಗೊತ್ತಿತ್ತು. ಅಂದರೆ ನನ್ನ ಹರಟೆಯ ಪರೀಕ್ಷೆಯಲ್ಲಿ ಅವರು ಪಾಸು. ಕೆಳಗಿನ ಕಿರಾಣಿ ಅಂಗಡಿಯಲ್ಲಿ ಕೊತ್ತಂಬರಿ ಕೊಳ್ಳುತ್ತ ಸುಮ್ನೆ ವಿಚಾರಿಸಿದೆ. ಅವರೂ ಆ ಮನೆಯ ಬಾಡಿಗೆದಾರರೇ! ಮಾಲೀಕರಿಗೆ ತಿಂಗಳ ಬಾಡಿಗೆ ಕೊಡುತ್ತ, ಅದೇ ಮನೆಯನ್ನು ಬೇರೆಯವರಿಗೆ ಲೀಸಿಗೆ ಕೊಟ್ಟು ಲಕ್ಷಗಟ್ಟಲೆ ಎತ್ತುವ ಲೆಕ್ಕ. ಬಾಡಿಗೆ ನಿಲ್ಲಿಸಿದ ದಿನ ಮಾಲೀಕರು ಬಂದು ಬಾಗಿಲು ಬಡಿಯುವುದು ಲೀಸಿನವರದ್ದೇ.

ಇನ್ನೊಂದು ಅಪಾಯ ಬ್ಯಾಂಕ್ ಸಾಲ. ಮಾಲೀಕರು ನಿಜವಾದವರೇ ಇರಬಹುದು, ಮನೆ ಅಡ ಇಟ್ಟಿರಬಹುದು. ಕಂತು ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ನಿಮ್ಮ 6 ಲಕ್ಷ ಆಗ ಯಾರನ್ನು ಕೇಳುತ್ತೀರಿ? ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿ ನೋಡಬಹುದು. ಬರೀ ಪತ್ರ ಇಟ್ಟು ತೆಗೆದ ಸಾಲ ಕೆಲವೊಮ್ಮೆ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಮೂಲ ಖರೀದಿ ಪತ್ರವನ್ನೇ ಕಣ್ಣಾರೆ ನೋಡಬೇಕು. "ಝೆರಾಕ್ಸ್ ಅದ, ಒರಿಜಿನಲ್ ಬ್ಯಾಂಕಿನ್ಯಾಗ ಅದ" ಅಂದರೆ ಅರ್ಥ ಆಯ್ತಲ್ಲ. ಜೊತೆಗೆ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಬಾಡಿಗೆ ಕರಾರು 11 ತಿಂಗಳಿಗೇ ಇರುವುದೂ ಇದೇ ಕಾರಣಕ್ಕೆ. ಮೂರು ವರ್ಷದ ಲೀಸನ್ನು ಬರೀ ಬಾಂಡ್ ಪೇಪರಿನಲ್ಲಿ ಬರೆದು ಮುಗಿಸೋಣ ಅನ್ನುವವರಿಂದ ನಾನು ದೂರ ಉಳಿದೆ.

ಧಾರವಾಡದ ಸಪ್ತಾಪುರದಲ್ಲಿ ಸಿಗುವವರು ಬೇರೆ ಥರ. ಕೋಚಿಂಗಿಗೆ ಬರುವ ಹುಡುಗರು ಊರಲ್ಲಿ ಕೂತೇ ಫೋನಿನಲ್ಲಿ ರೂಮ್ ಹಿಡಿಯಲು ನೋಡುತ್ತಾರೆ. ಹಾವೇರಿಯಲ್ಲಿರುವ ನಮ್ಮ ಅಕ್ಕನ ಮಗನಿಗೆ ಟೋಕನ್ ದುಡ್ಡು ಕೇಳಿದರು, ಕಳಿಸಿದ. ಬಸ್ ಹತ್ತಿ ಬಂದು ನೋಡಿದರೆ ಆ ರೂಮೇ ಇಲ್ಲ, ಫೋನ್ ಸ್ವಿಚ್ಡ್ ಆಫ್. ವಿಷಯ ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ದುಡ್ಡು ಖಾತೆಯಿಂದ ಖಾತೆಗೆ ದಾಟಿ ಹೋಗುವ ಮೊದಲು ತಡೆಯಲು ಅವಕಾಶ ಇರುವುದು ಆಗಲೇ. ಮರುದಿನ ನೋಡೋಣ ಅನ್ನಬಾರದು. ದೂರು ದಾಖಲಾಯಿತು, ದುಡ್ಡಿನ್ನೂ ಬಂದಿಲ್ಲ. ಆಮೇಲೆ ಹುಡುಗ ಎರಡು ದಿನ ಸಪ್ತಾಪುರದ ಓಣಿಗಳಲ್ಲಿ ಅಡ್ಡಾಡಿ, ಗೇಟಿಗೆ ತೂಗುಹಾಕಿದ ಟು-ಲೆಟ್ ಬೋರ್ಡ್ ನೋಡಿಯೇ ರೂಮ್ ಹಿಡಿದ.

ದುಡ್ಡು ಹಾಕುವ ವಿಷಯದಲ್ಲಿ ನನ್ನದು ಜಿಪುಣತನ. ಬಾಗಿಲು ತೆಗೆದು ಒಳಗೆ ನೋಡುವ ಮೊದಲು ಒಂದು ರೂಪಾಯಿ ಇಲ್ಲ, ಬ್ರೋಕರ್ ಕೇಳಿದರೂ ಇಲ್ಲ. ಯುಪಿಐನಲ್ಲಿ ಹಾಕುವಾಗ ಪರದೆಯ ಮೇಲೆ ಖಾತೆದಾರರ ಹೆಸರು ಬರುತ್ತದೆ, ಅದು ಕರಾರಿನ ಹೆಸರಿಗೆ ಹೊಂದಬೇಕು. "ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮಗೇ ದುಡ್ಡು ಬರುತ್ತೆ" ಅಂದರೆ ಫೋನ್ ಇಟ್ಟುಬಿಡಿ. ಪಿನ್ ಬೇಕಾಗುವುದು ಕೊಡುವವರಿಗೆ, ಪಡೆಯುವವರಿಗಲ್ಲ.

ಕೊನೆಗೆ ಮನೆ ಸಿಕ್ಕಿದ್ದು ಉಣಕಲ್ ಹತ್ತಿರ, ಪರಿಚಯದವರ ಮೂಲಕ. ಮಾಲೀಕರು ರಿಟೈರ್ಡ್ ಮಾಸ್ತರು. ನಾನು ತೆರಿಗೆ ರಸೀದಿ ಕೇಳಿದ್ದಕ್ಕೆ, "ಬ್ಯಾಂಕ್ ಮ್ಯಾನೇಜರ್ ಗತೆ ಕೇಳ್ತೀರಲ್ರಿ ಬಾಯಾರ" ಎಂದು ಗೊಣಗಿದರು, ಆದರೆ ಫೈಲನ್ನೇ ತಂದಿಟ್ಟರು. ಅವರೂ ಬಿಡಲಿಲ್ಲ, ನಮ್ಮ ಊರು, ಕೆಲಸ, ಅಡಿಗೆ ಎಲ್ಲ ಕೇಳಿದರು. ಮೊಟ್ಟೆಗೆ ಒಪ್ಪಿದರು. ಕರಾರಿಗೆ ಸಹಿ ಮಾಡಿ, ಬೀಗದ ಕೈ ತೆಗೆದುಕೊಂಡ ಮೇಲೆ ಡಿಪಾಸಿಟ್ ಹಾಕಿದೆ. ಅವತ್ತೇ ಮೀಟರ್ ರೀಡಿಂಗಿನ ಫೋಟೋ ತೆಗೆದು ಅವರ ವಾಟ್ಸಾಪಿಗೆ ಕಳಿಸಿದೆ. ತಿಂಗಳ ಕೊನೆಗೆ ಬಂದ ಬಿಲ್ಲಿನಲ್ಲಿ ಹಿಂದಿನ ಬಾಡಿಗೆದಾರರ ಬಾಕಿಯೂ ಇತ್ತು. ಫೋಟೋ ನೋಡಿ ಮಾಸ್ತರು ಆ ಭಾಗವನ್ನು ತಾವೇ ಕಟ್ಟಿದರು.