ಅಪ್ಪ–ಅಮ್ಮನ ಆರೋಗ್ಯ ವಿಮೆ: ನವೀಕರಣಕ್ಕೆ ಎರಡು ತಿಂಗಳು ಮೊದಲೇ ಕಾಗದ ತೆಗೆಯಿರಿ

ಪಾಲಿಸಿ ಮುಗಿಯುವ ದಿನ ಬೆಳಿಗ್ಗೆ ಮಗನ ಮೊಬೈಲಿಗೆ ಮೆಸೇಜ್ ಬರುತ್ತದೆ. ಆಫೀಸಿಗೆ ಹೊರಟ ದಾರಿಯಲ್ಲೇ ಲಿಂಕ್ ಒತ್ತಿ ದುಡ್ಡು ಕಟ್ಟಿಬಿಡುತ್ತಾನೆ. ಪಾಲಿಸಿಯಲ್ಲಿ ಏನಿದೆ ಎಂದು ಮನೆಯವರು ಮೊದಲ ಸಲ ಓದುವುದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಎದುರು ನಿಂತಾಗ. ನೆಂಟರಿಷ್ಟರ, ಅಕ್ಕಪಕ್ಕದ ಮನೆಗಳ ವಿಮೆ ಕಾಗದ ನೋಡಿಕೊಡುತ್ತಾ ಬಂದಿರುವ ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಅರವತ್ತು ದಾಟಿದವರ ಪಾಲಿಸಿಯನ್ನು ವರ್ಷಕ್ಕೊಮ್ಮೆ ಕೂತು ನೋಡಲು ಒಂದು ಭಾನುವಾರ ಸಾಕು. ಆದರೆ ಆ ಭಾನುವಾರ ನವೀಕರಣದ ದಿನಕ್ಕಿಂತ 60 ದಿನ ಮೊದಲು ಬರಬೇಕು.

ಮೊದಲು ದಿನಾಂಕ

ಬೇರೆ ಕಂಪನಿಗೆ ಪಾಲಿಸಿ ಪೋರ್ಟ್ ಮಾಡಬೇಕೆಂದರೆ, ಅಂದರೆ ಕಳೆದ ವರ್ಷಗಳ ಲೆಕ್ಕ ಉಳಿಸಿಕೊಂಡೇ ವರ್ಗಾಯಿಸಬೇಕೆಂದರೆ, ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಬೇಕು. ಆಮೇಲೆ ಕೇಳಿದರೆ ಹೊಸ ಕಂಪನಿ ಅರ್ಜಿ ತೆಗೆದುಕೊಳ್ಳಲೇಬೇಕೆಂದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಕಾಗದ ಒಟ್ಟು ಮಾಡುವುದು

ಪಾಲಿಸಿ, ನವೀಕರಣದ ನೋಟಿಸು, ಹಿಂದಿನ ಡಿಸ್ಚಾರ್ಜ್ ಸಮ್ಮರಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ. ಪಾಲಿಸಿಯ ಜೊತೆ ‘ಗ್ರಾಹಕ ಮಾಹಿತಿ ಪತ್ರ’ ಎಂಬ ಕೆಲವೇ ಪುಟಗಳ ಸಾರಾಂಶವನ್ನೂ ಕಂಪನಿ ಕೊಡಬೇಕು. ಅದನ್ನು ಕನ್ನಡದಲ್ಲೇ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ ಪಡೆಯಿರಿ. ಅಪ್ಪ ತಾವೇ ಓದಿಕೊಳ್ಳಬಹುದು.

ಪ್ರೀಮಿಯಂ

ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಮೊದಲು ಶೇ 18 ಇತ್ತು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ. ನೋಟಿಸಿನಲ್ಲಿ ಏರಿಕೆ ಅದಕ್ಕಿಂತ ಜಾಸ್ತಿ ಕಂಡರೆ ಕಾರಣವನ್ನು ಬರಹದಲ್ಲಿ ಕೇಳಿ.

ಎಲ್ಲರೂ ಎಡವುವ ಜಾಗ: ರೂಮಿನ ಬಾಡಿಗೆ

ಜನ ನೋಡುವುದು ವಿಮಾ ಮೊತ್ತವನ್ನು. ‘ಮೂರು ಲಕ್ಷ ಇದೆ, ಸಾಕು’ ಎನ್ನುತ್ತಾರೆ. ನೀವು ಮೊದಲು ಹುಡುಕಬೇಕಾದದ್ದು ರೂಮ್ ರೆಂಟ್ ಮಿತಿ. ಹಳೆಯ ಪಾಲಿಸಿಗಳಲ್ಲಿ ಅದು ಸಾಮಾನ್ಯವಾಗಿ ದಿನಕ್ಕೆ ವಿಮಾ ಮೊತ್ತದ ಶೇ 1. ಮೂರು ಲಕ್ಷಕ್ಕೆ ಮೂರು ಸಾವಿರ ರೂಪಾಯಿ.

ಅಮ್ಮನಿಗೆ ಒಂದು ಶಸ್ತ್ರಚಿಕಿತ್ಸೆ ಆಯಿತು, ನಾಲ್ಕು ದಿನ ಆರು ಸಾವಿರದ ರೂಮಿನಲ್ಲಿದ್ದರು ಎಂದುಕೊಳ್ಳಿ. ಬಿಲ್ಲು ಎರಡು ಲಕ್ಷ: ರೂಮು 24,000, ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 96,000, ಔಷಧಿ, ಪರೀಕ್ಷೆ, ಇಂಪ್ಲಾಂಟ್ 80,000. ರೂಮಿನ ಹೆಚ್ಚುವರಿ ಹನ್ನೆರಡು ಸಾವಿರವನ್ನು ನಾವು ಕಟ್ಟಿದರೆ ಮುಗಿಯಿತು ಎಂದು ಎಲ್ಲರೂ ಎಣಿಸುತ್ತಾರೆ. ಹಾಗಾಗುವುದಿಲ್ಲ. ಮಿತಿಯ ಎರಡರಷ್ಟು ಬಾಡಿಗೆಯ ರೂಮು ಹಿಡಿದದ್ದರಿಂದ ಆ 96,000ದಲ್ಲೂ ಅರ್ಧವನ್ನೇ ಕೊಡುತ್ತಾರೆ. ಔಷಧಿ, ಪರೀಕ್ಷೆ, ಇಂಪ್ಲಾಂಟಿಗೆ ಈ ಕಡಿತ ತಾಗದು. ಅಂದರೆ 12,000, 48,000, 80,000 ಸೇರಿ 1,40,000. ಪಾಲಿಸಿಯಲ್ಲಿ ಶೇ 20 ಕೋ-ಪೇ (ಒಪ್ಪಿದ ಮೊತ್ತದಲ್ಲೂ ನಾವೇ ಕಟ್ಟಬೇಕಾದ ಪಾಲು) ಇದ್ದರೆ ಅದರಲ್ಲೂ 28,000 ನಿಮ್ಮ ಪಾಲು. ಕೊನೆಗೆ ವಿಮೆಯಿಂದ ಬಂದದ್ದು 1,12,000, ಮನೆಯವರು ಹೊಂದಿಸಬೇಕಾದದ್ದು 88,000. ವಿಮಾ ಮೊತ್ತ ಮೂರು ಲಕ್ಷ ಇದ್ದೂ!

ಅದಕ್ಕೇ ಹೇಳುವುದು, ನೀವು ಹೋಗುವ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ ಸಾಧಾರಣ ರೂಮಿನ ಬಾಡಿಗೆ ಎಷ್ಟೆಂದು ಕೇಳಿ, ಪಾಲಿಸಿಯ ಮಿತಿಯ ಪಕ್ಕದಲ್ಲಿಟ್ಟು ನೋಡಿ. ಕಣ್ಣಿನ ಪೊರೆ, ಮಂಡಿ ಆಪರೇಷನ್‌ಗಳಿಗೆ ಬೇರೆ ಮಿತಿ ಬರೆದಿದೆಯೇ ಎಂದೂ ನೋಡಿ. ವಯಸ್ಸಾದವರಿಗೆ ಹೆಚ್ಚಾಗಿ ಬೇಕಾಗುವುದು ಅವೇ.

ಹೋಲಿಕೆ ಜಾಲತಾಣಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಪ್ರೀಮಿಯಂ. ಅಗ್ಗದ ಪಾಲಿಸಿಯಲ್ಲಿ ಎಷ್ಟೋ ಸಲ ದೊಡ್ಡ ಕೋ-ಪೇ ಅಡಗಿರುತ್ತದೆ. ಇನ್ನು, ಆಸ್ಪತ್ರೆಯಲ್ಲಿದ್ದ ದಿನಕ್ಕೆ ಇಷ್ಟು ಸಾವಿರ ಎಂದು ಕೊಡುವ ಪಾಲಿಸಿಯನ್ನು ಆರೋಗ್ಯ ವಿಮೆ ಎಂದು ಮಾರುವವರಿದ್ದಾರೆ. ಅದರಿಂದ ಬಿಲ್ಲು ತೀರುವುದಿಲ್ಲ. ಅದನ್ನೊಂದನ್ನೇ ನೆಚ್ಚಿಕೊಳ್ಳಬೇಡಿ.

ಬದಲಿಸಬೇಕೇ?

ನನ್ನ ಮಾತು ಖಚಿತ: ಎಪ್ಪತ್ತು ದಾಟಿದವರ ಪಾಲಿಸಿ ಐದು ವರ್ಷ ಬಿಡದೆ ನಡೆದಿದ್ದರೆ, ರೂಮ್ ರೆಂಟ್ ಮಿತಿ ತೀರಾ ಕಡಿಮೆ ಇಲ್ಲದಿದ್ದರೆ, ಅಲ್ಲೇ ಉಳಿಯಿರಿ. 60 ತಿಂಗಳು ಸತತವಾಗಿ ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ನೀವು ಆ ಕಾಯಿಲೆ ಹೇಳಿರಲಿಲ್ಲ ಎಂದು ಕ್ಲೇಮು ತಳ್ಳುವಂತಿಲ್ಲ. ಮೊತ್ತ ಸಾಲದು ಎನಿಸಿದರೆ ಅದರ ಮೇಲೊಂದು, ವರ್ಷದ ಬಿಲ್ಲು ಒಂದು ಮಿತಿ ದಾಟಿದ ಮೇಲಿನದನ್ನು ಕೊಡುವ, ಸೂಪರ್ ಟಾಪ್‌ಅಪ್ ಹಾಕಿಸಿ.

ಬದಲಿಸಲೇಬೇಕಾದರೆ ಪೋರ್ಟ್ ಮಾಡಿ, ಹೊಸದಾಗಿ ಕೊಳ್ಳಬೇಡಿ. ಮೊದಲೇ ಇರುವ ಕಾಯಿಲೆಗೆ ಗರಿಷ್ಠ ಮೂರು ವರ್ಷದ ಕಾಯುವ ಅವಧಿ ಇರುತ್ತದೆ, ಅಲ್ಲಿಯವರೆಗೆ ಆ ಕಾಯಿಲೆಗೆ ವಿಮೆ ಸಿಗದು. ಪೋರ್ಟ್ ಮಾಡಿದರೆ ಹಳೆಯ ಮೊತ್ತದ ಮಟ್ಟಿಗೆ, ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಹೆಚ್ಚಿಸಿಕೊಂಡ ಮೊತ್ತಕ್ಕೆ ಹೊಸದಾಗಿ ಕಾಯಬೇಕು. ವಯಸ್ಸು, ಕಾಯಿಲೆ ನೋಡಿ ಹೊಸ ಕಂಪನಿ ಬೇಡ ಎನ್ನಲೂಬಹುದು. ಅಲ್ಲಿಂದ ಪಾಲಿಸಿ ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ. ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನದ ರಿಯಾಯಿತಿ ಅವಧಿ ಇದೆ, ನಿಜ. ಆದರೆ ದುಡ್ಡು ಕಟ್ಟದ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ವಿಮೆ ಸಿಗದು.

ಅರ್ಜಿಯನ್ನು ನೀವೇ ತುಂಬಿ

ನನ್ನ ಸೋದರತ್ತೆಗೆ ಹನ್ನೆರಡು ವರ್ಷದಿಂದ ಶುಗರ್ ಇತ್ತು. ಏಜೆಂಟ್ ‘ಬರೆದರೆ ತಡವಾಗುತ್ತೆ ಅಮ್ಮ’ ಎಂದು ಎಲ್ಲ ಕಾಯಿಲೆಯ ಎದುರೂ ‘ಇಲ್ಲ’ ಎಂದು ತುಂಬಿದ. ಅತ್ತೆ ಓಟಿಪಿ ಹೇಳಿದರು. ಎರಡನೇ ವರ್ಷ ಹೃದಯದ ಆಪರೇಷನ್ ಆದಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಟರು ಮಧುಮೇಹ ಎಷ್ಟು ವರ್ಷದ್ದು ಎಂದು ಬರೆದಿದ್ದರು. ಕ್ಲೇಮೂ ಹೋಯಿತು, ಪಾಲಿಸಿಯೂ ರದ್ದಾಯಿತು. ಆ ವಯಸ್ಸಿನಲ್ಲಿ ಮತ್ತೊಂದು ಪಾಲಿಸಿ ಹುಡುಕಲು ನಾವು ಪಟ್ಟ ಪಾಡು ಬೇರೆ ಯಾರಿಗೂ ಬೇಡ.

ಓಟಿಪಿ ಎಂದರೆ ಸಹಿ. ತುಂಬಿದ ಅರ್ಜಿಯನ್ನು ಓದದೆ ಹೇಳಬೇಡಿ. ಬಿಪಿ, ಶುಗರ್, ಥೈರಾಯ್ಡ್, ಹಿಂದೆಂದೋ ಆದ ಆಪರೇಷನ್, ಮಾತ್ರೆಗಳ ಹೆಸರು, ಎಲ್ಲವನ್ನೂ ಬರೆಯಿರಿ. ‘ಸ್ವಲ್ಪ ಶುಗರ್’ ಕೂಡ ಶುಗರೇ. ಪ್ರೀಮಿಯಂ ಜಾಸ್ತಿಯಾದರೂ ಆಗಲಿ.

ಸರ್ಕಾರದ ಯೋಜನೆಗಳನ್ನೂ ನೋಡಿ

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಊರಿನಲ್ಲಿರುವ ಅಪ್ಪ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಗೆ ನೋಂದಾಯಿಸಬಹುದು. 2022ರಲ್ಲಿ ಮತ್ತೆ ಶುರುವಾದಾಗ ಗ್ರಾಮೀಣ ಕುಟುಂಬದ ನಾಲ್ವರಿಗೆ 500 ರೂಪಾಯಿ ಗೊತ್ತುಮಾಡಿದ್ದರು. ನೋಂದಣಿ ವರ್ಷದಲ್ಲಿ ಕೆಲವು ಕಾಲ ಮಾತ್ರ ತೆರೆದಿರುತ್ತದೆ. ಸಂಘದ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಿ.

ಹೊಸ ಪಾಲಿಸಿ ಬಂದ ಮೇಲೆ

ಹೆಸರು, ಹುಟ್ಟಿದ ದಿನ, ನೀವು ಹೇಳಿದ ಕಾಯಿಲೆಗಳು ಪಾಲಿಸಿಯಲ್ಲಿ ಸರಿಯಾಗಿ ಬಂದಿವೆಯೇ ನೋಡಿ. ಒಪ್ಪಿಗೆಯಾಗದಿದ್ದರೆ ಹೊಸ ಪಾಲಿಸಿಯನ್ನು 30 ದಿನದೊಳಗೆ ಹಿಂತಿರುಗಿಸಬಹುದು. ಮುಂದೆ ಕಂಪನಿಯ ಜೊತೆ ತಕರಾರಾದರೆ ವಿಮಾ ನಿಯಂತ್ರಣ ಪ್ರಾಧಿಕಾರದ 155255ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ಇಂಥ ತಕರಾರು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ಶುಲ್ಕವಿಲ್ಲ.

ವಿಮಾ ಕಾರ್ಡಿನ ಪ್ರತಿ ಮಗನ ಮೊಬೈಲಿನಲ್ಲಷ್ಟೇ ಇದ್ದರೆ ಸಾಲದು. ಒಂದು ಅಮ್ಮನ ಪರ್ಸಿನಲ್ಲಿರಲಿ, ಇನ್ನೊಂದು ಪಕ್ಕದ ಮನೆಯವರ ಕೈಯಲ್ಲಿರಲಿ. ರೂಮ್ ರೆಂಟ್ ಮಿತಿಯನ್ನು ಅದರ ಹಿಂದೆ ದಪ್ಪ ಅಕ್ಷರದಲ್ಲಿ ಬರೆದಿಡಿ. ರಾತ್ರಿ ಹೊತ್ತು ಆಸ್ಪತ್ರೆಯವರು ‘ಯಾವ ರೂಮು ಕೊಡೋಣ?’ ಎಂದು ಕೇಳುವುದು ಜೊತೆಗೆ ಹೋದವರನ್ನೇ.