ನೀರು ಕೊಟ್ಟ ವರ್ಷ, ಓಡಿದ ವರ್ಷ

ನ್ಯೂಯಾರ್ಕ್ ಮ್ಯಾರಥಾನ್ ಓಡಿದೆ ಅಂದ ಕೂಡಲೇ ಎಲ್ಲರೂ ಕೇಳುವುದು, "ಸೀಟು ಹೇಗೆ ಸಿಕ್ತು?" ಅಂತ. ಮೆಡಿಕಲ್ ಸೀಟು ವಿಚಾರಿಸಿದ ಹಾಗೆ. ಲಾಟರಿಯಲ್ಲಿ ನನ್ನ ಹೆಸರು ಎರಡು ಸಲವೂ ಬರಲಿಲ್ಲ. ವೇಗ ತೋರಿಸಿ ಒಳಗೆ ಹೋಗುವುದು ಈ ಜನ್ಮದಲ್ಲಿ ನನ್ನ ಕಾಲಿಗೆ ಆಗದ ಮಾತು. ಉಳಿದದ್ದು '9+1'. ನಾನು ಮಾಡಿದಾಗ ನಿಯಮ ಹೀಗಿತ್ತು: ಮ್ಯಾರಥಾನ್ ನಡೆಸುವ ನ್ಯೂಯಾರ್ಕ್ ರೋಡ್ ರನ್ನರ್ಸ್ ಸಂಸ್ಥೆಯ ಸದಸ್ಯರಾಗಿ ಒಂದೇ ವರ್ಷದಲ್ಲಿ ಅವರ ಒಂಬತ್ತು ಓಟ ಓಡಬೇಕು, ಒಂದರಲ್ಲಿ ಸ್ವಯಂಸೇವೆ ಮಾಡಬೇಕು. ಆಗ ಮರುವರ್ಷಕ್ಕೆ ಜಾಗ ಖಚಿತ. ಜಾಗ ಮಾತ್ರ, ಫೀಸು ಬೇರೆ. ತುಮಕೂರಿನಿಂದ ಅಮ್ಮ ಫೋನಿನಲ್ಲಿ, "ಓಡೋಕೂ ದುಡ್ಡು ಕೊಡ್ಬೇಕೇನೇ?" ಅಂದಳು.

ಒಂಬತ್ತು ಓಟ ಹೇಗೋ ಮುಗಿದವು. ನನಗೆ ಉಪಯೋಗಕ್ಕೆ ಬಂದದ್ದು ಆ ಒಂದು.

2023ರ ನವೆಂಬರ್ 5. ನನಗೆ ಸಿಕ್ಕಿದ್ದು ಮ್ಯಾನ್‌ಹ್ಯಾಟನ್‌ನ ಫಿಫ್ತ್ ಅವೆನ್ಯೂನಲ್ಲಿ ನೀರು ಕೊಡುವ ಕೆಲಸ, 22–23ನೇ ಮೈಲಿಯ ಆಸುಪಾಸು. ಬೆಳಿಗ್ಗೆಯಿಂದ ಲೋಟಗಳಿಗೆ ಅರ್ಧರ್ಧ ನೀರು ತುಂಬಿಸಿ, ಮೇಲೊಂದು ರಟ್ಟು ಹಾಸಿ, ಅದರ ಮೇಲೆ ಮತ್ತೊಂದು ಸಾಲು ಜೋಡಿಸಿದೆವು. ಒಂಥರಾ ಮದುವೆ ಮನೆಯ ಪಾನಕದ ತಯಾರಿ. ಲೋಟ ಕೊಡುವುದಕ್ಕೂ ಒಂದು ಕ್ರಮ ಇದೆ. ಅಂಚನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ಕೈ ಚಾಚಬೇಕು. ಅವರು ಹಿಡಿದ ತಕ್ಷಣ ಬಿಡಬೇಕು. ಬಿಗಿಯಾಗಿ ಹಿಡಿದರೆ ನೀರೆಲ್ಲ ಅವರ ಮುಖಕ್ಕೆ. ನೀರೋ, ಗೇಟರೇಡ್ ಅನ್ನುವ ಸಿಹಿ ಅಂಟಂಟು ಪಾನೀಯವೋ ಅಂತ ಕೂಗಿ ಹೇಳಬೇಕು. ಪಾಪ, ತಲೆಗೆ ಸುರಿದುಕೊಳ್ಳುವವರು ಇರ್ತಾರೆ!

ಒಂಬತ್ತು ದಾಟಿತ್ತು. "ವೀಲ್‌ಚೇರ್ ಬರ್ತಿದೆ, ರಸ್ತೆ ಬಿಡಿ" ಅಂತ ಕೂಗಿದರು. ನಾನು ಮನಸ್ಸಲ್ಲಿ ಆಸ್ಪತ್ರೆಯ ಗಾಲಿಕುರ್ಚಿ ಇಟ್ಟುಕೊಂಡಿದ್ದೆ. ಬಂದದ್ದು ಬೇರೆಯೇ. ಮುಂದೆ ಉದ್ದಕ್ಕೆ ಚಾಚಿದ ಒಂದು ಚಿಕ್ಕ ಗಾಲಿ, ಹಿಂದೆ ಎರಡು ದೊಡ್ಡ ಗಾಲಿ, ನಡುವೆ ಮುಂದಕ್ಕೆ ಬಾಗಿದ ಮನುಷ್ಯ, ತಲೆಗೆ ಬೆಳ್ಳಿ ಬಣ್ಣದ ಹೆಲ್ಮೆಟ್. ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹುಗ್. ಗಾಲಿಯನ್ನು ಹಿಡಿದು ತಿರುಗಿಸುವುದಿಲ್ಲ. ಪಕ್ಕದ ಚಿಕ್ಕ ಬಳೆಯಂಥ ರಿಮ್ಮಿಗೆ ಗಟ್ಟಿ ಗ್ಲೌಸಿನಿಂದ ಗುದ್ದುವುದು. ಟಕ್, ಟಕ್, ಟಕ್. ಅವರು ನಮ್ಮ ಲೋಟ ಮುಟ್ಟಲಿಲ್ಲ. ಹೇಗೆ ಮುಟ್ಟಬೇಕು, ಎರಡು ಕೈಯೂ ಗುದ್ದುವುದರಲ್ಲೇ ಇವೆ.

ಆ ಜಾಗದಿಂದ ಮುಂದೆ ಸೆಂಟ್ರಲ್ ಪಾರ್ಕಿನ ಪಕ್ಕಕ್ಕೆ ಉದ್ದದ ಏರು. ಕಾರಲ್ಲಿ ಹೋದರೆ ಏರು ಅಂತ ಗೊತ್ತೇ ಆಗಲ್ಲ. ಗಾಲಿಗಳ ವೇಗ ಅಲ್ಲಿ ಕಣ್ಣೆದುರೇ ಇಳಿಯಿತು. ಆದರೆ ಟಕ್ ಟಕ್ ನಿಧಾನ ಆಗಲಿಲ್ಲ. ಗುದ್ದು ಚಿಕ್ಕದಾಯಿತು, ಲಯ ಹಾಗೇ ಉಳಿಯಿತು. ಮಹಿಳೆಯರಲ್ಲಿ ಕ್ಯಾಥರೀನ್ ಡೆಬ್ರುನ್ನರ್ ಆ ದಿನ 1:39:32ರಲ್ಲಿ ಮುಗಿಸಿ ಈ ಮಾರ್ಗದ ದಾಖಲೆ ಬರೆದರು. ಇಲ್ಲಿ ವೀಲ್‌ಚೇರ್ ಓಟ ಅಧಿಕೃತ ವಿಭಾಗ ಆದದ್ದೇ 2000ದಲ್ಲಿ. ಓಟ ಶುರುವಾಗಿ ಮೂವತ್ತು ವರ್ಷ ಆದ ಮೇಲೆ! ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು.

ಸಂಜೆ ಬೂಟು ಗೇಟರೇಡಿಗೆ ಅಂಟಿ ಚರ್ ಚರ್ ಅನ್ನುತ್ತಿತ್ತು. ತಲೆಯಲ್ಲಿ ಮಾತ್ರ ಆ ಟಕ್ ಟಕ್.

ಹಾಗಾಗಿ 2024ರಲ್ಲಿ ನನ್ನ ತಯಾರಿ ಅಂದರೆ ಏರು ಅಭ್ಯಾಸ. ಈ ಮ್ಯಾರಥಾನಿನಲ್ಲಿ ಐದು ಸೇತುವೆ ದಾಟಬೇಕು. ಮೊದಲನೆಯ ವೆರಜಾನೊ ಮೇಲೆ ಬೇರೆ ದಿನ ಕಾಲಿಡೋಕೇ ಬಿಡಲ್ಲ. ನಾನಿರುವುದು ಜೆರ್ಸಿ ಸಿಟಿಯಲ್ಲಿ, ಹಾಗಾಗಿ ಭಾನುವಾರ ಜಾರ್ಜ್ ವಾಷಿಂಗ್ಟನ್ ಸೇತುವೆಗೆ ಹೋಗಿ ಅತ್ತ ಇತ್ತ ಓಡುತ್ತಿದ್ದೆ. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡು, ಎಣಿಕೆ ಬಿಡಬೇಡ. ಇಷ್ಟೇ. ಓಡುವಾಗ ಶಕ್ತಿಗೆ ಅಂತ ನುಂಗುವ ಸಿಹಿ ಜೆಲ್ ನನ್ನ ಹೊಟ್ಟೆಗೆ ಹಿಡಿಸಲಿಲ್ಲ. ಖರ್ಜೂರ, ಬೆಲ್ಲದ ಚೂರು ಸರಿಹೋಯಿತು. ಬೆಲ್ಲ ಮಾತ್ರ ಬೆವರಿಗೆ ಕರಗಿ ಜೇಬೆಲ್ಲ ಅಂಟು.

ನವೆಂಬರ್ 3. ಚಳಿಗಾಲದ ಸಮಯಕ್ಕೆ ಅಂತ ಹಿಂದಿನ ರಾತ್ರಿಯೇ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗಿತ್ತು, ಒಂದು ಗಂಟೆ ನಿದ್ದೆ ಲಾಭ. ನಿದ್ದೆ ಬಂದರೆ ತಾನೇ? ಫೆರ್ರಿ ಹತ್ತಿ ಸ್ಟಾಟನ್ ಐಲೆಂಡ್, ಅಲ್ಲಿಂದ ಬಸ್, ಆಮೇಲೆ ಬಯಲಲ್ಲಿ ಗಂಟೆಗಟ್ಟಲೆ ಕಾಯುವುದು. ಇದನ್ನು ಯಾರೂ ಸರಿಯಾಗಿ ಹೇಳಿರಲಿಲ್ಲ: ಓಟಕ್ಕಿಂತ ಮೊದಲು ಚಳಿಯನ್ನು ಗೆಲ್ಲಬೇಕು. ಯಜಮಾನರ ಹಳೇ ಸ್ವೆಟರ್, ಮೇಲೆ ಕಸದ ಕರಿ ಚೀಲಕ್ಕೆ ತೂತು ಮಾಡಿ ತೊಟ್ಟಿದ್ದೆ. ಕೂರಲು ರಟ್ಟು. ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ. ಪಕ್ಕದಲ್ಲಿದ್ದ ಇಟಲಿಯ ಹೆಂಗಸು ವಾಸನೆಗೆ ತಿರುಗಿ ನೋಡಿ, ಎರಡು ಚಮಚ ಹಾಕಿಸಿಕೊಂಡು ತಿಂದಳು. ನನ್ನದು ಕೊನೆಯ ಗುಂಪು, 11:30ಕ್ಕೆ. ಅಷ್ಟರಲ್ಲಿ ನೆದರ್ಲೆಂಡ್ಸ್‌ನ ಅಬ್ದಿ ನಗೀಯೆ 2:07:39ರಲ್ಲಿ ಓಡಿ ಗೆದ್ದೂ ಆಗಿತ್ತು. ನಾನಿನ್ನೂ ಗೆರೆ ದಾಟಿರಲಿಲ್ಲ.

ಬೆಂಗಳೂರಿನ 10ಕೆ ಓಟದ ಹೆಸರಿನ ಮುಂದಿರುವ ಅದೇ ಟಿಸಿಎಸ್ ಇಲ್ಲಿಯ ಕಮಾನಿನ ಮೇಲೂ ಇದೆ. ನೋಡಿ ಸುಮ್ನೆ ಖುಷಿ ಆಯ್ತು.

ಬ್ರೂಕ್ಲಿನ್ ಪೂರ್ತಿ ಹಬ್ಬ, ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ನೆನಪಿರುವುದು 15ನೇ ಮೈಲಿ ದಾಟಿ ಬರುವ ಕ್ವೀನ್ಸ್‌ಬರೋ ಸೇತುವೆ. ಅಲ್ಲಿ ನೋಡುವ ಜನ ಇಲ್ಲ. ಡೋಲು ಇಲ್ಲ. ಮೇಲೆ ಕಬ್ಬಿಣದ ಸೂರು, ಸುತ್ತ ಸಾವಿರಾರು ಬೂಟಿನ ಸಪ್ಪಳ, ಉಸಿರು. ಪಕ್ಕದಲ್ಲಿ ಯಾರೋ ಅಳುತ್ತಿದ್ದರು. ನಾನು ಟಕ್ ಟಕ್ ಎಣಿಸಿಕೊಂಡು ಏರಿದೆ. ನಡೆಯಲಿಲ್ಲ.

ಇಳಿದರೆ ಫಸ್ಟ್ ಅವೆನ್ಯೂ, ಕಿವಿ ಕಿತ್ತುಹೋಗುವಷ್ಟು ಕೂಗು. ತಪ್ಪು ಮಾಡಿದ್ದು ಇಲ್ಲೇ. ಆ ಕೂಗಿಗೆ ಉಬ್ಬಿ ಎರಡು ಮೈಲಿ ಜೋರಾಗಿ ಓಡಿದೆ. ಬ್ರಾಂಕ್ಸಿಗೆ ಹೋಗುವ ವಿಲ್ಲಿಸ್ ಅವೆನ್ಯೂ ಸೇತುವೆ ಮೇಲೆ ಎಡಗಾಲಿನ ಮೀನಖಂಡ ಕಲ್ಲಾಯಿತು. ಕಂಬಿ ಹಿಡಿದು ನಿಂತು ನೀವಿಕೊಂಡೆ. ಆಮೇಲೆ ಸ್ವಲ್ಪ ಓಟ, ಜಾಸ್ತಿ ನಡಿಗೆ.

ಫಿಫ್ತ್ ಅವೆನ್ಯೂನಲ್ಲಿ ಕಳೆದ ವರ್ಷ ನಾನು ನಿಂತಿದ್ದ ಕಡೆಗೇ ಬಂದೆ. ಒಬ್ಬ ಹುಡುಗ ಲೋಟವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ. ಅರ್ಧ ನೀರು ನನ್ನ ಮೂಗಿಗೆ. ನಿಂತು, "ಅಂಚು ಹಿಡ್ಕೋ" ಅಂತ ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ. ಆ ನೆಪದಲ್ಲಿ ಅರ್ಧ ನಿಮಿಷ ಸುಧಾರಿಸಿಕೊಂಡೂ ಆಯಿತು. ಮುಂದಿನ ಏರನ್ನು ಓಡಿ ಹತ್ತಲಿಲ್ಲ. ಹೆಜ್ಜೆ ಚಿಕ್ಕದು ಮಾಡಿ, ಎಣಿಸಿಕೊಂಡು ನಡೆದೇ ಹತ್ತಿದೆ. ಪಾರ್ಕಿನೊಳಗೆ ಗೆರೆ ದಾಟಿದಾಗ ಹೊತ್ತು ಮುಳುಗಿತ್ತು. 5 ಗಂಟೆ 26 ನಿಮಿಷ.

ಮನೆಗೆ ಹೋಗುವ ಪಾತ್ ರೈಲಿನಲ್ಲಿ ಮೆಡಲ್ ನೋಡಿ ಒಬ್ಬ ಅಜ್ಜ ಎದ್ದು ಸೀಟು ಬಿಟ್ಟುಕೊಟ್ಟರು. ಕೂತರೆ ಏಳೋಕೆ ಆಗಲ್ಲ ಅಂತ ಕಂಬಿ ಹಿಡಿದು ನಿಂತೇ ಬಂದೆ.